ಬಾಗಿಲ ದೃಶ್ಯದ ಅಂಗಿ

ಮಾರ್ಚ್ ೩, ಸೋಮವಾರ

ಇವರು ಬಿದ್ದು ಇವತ್ತಿಗೆ ಎಂಟು ದಿನ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಹಿಡಿದುಹೋಗಿದೆ. ಡಾಕ್ಟರು ಕೊನೆಗೂ ಬಾಯಿ ಬಿಟ್ಟರು. ಬಲಗೈ ಬಲಗಾಲು ನಿಧಾನಕ್ಕೆ ಬರಬಹುದಂತೆ, ಮಾತಿನ ವಿಷಯ ಈಗಲೇ ಹೇಳಲಾಗದಂತೆ. ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರೆ, ಆದರೆ ಮೆಟ್ಟಿಲು ಹತ್ತಿಸುವಂತಿಲ್ಲ. ಗಾಬರಿ, ಕೋಪ, ದುಃಖ ಯಾವುದೂ ಆಗಬಾರದು. ರಕ್ತದ ಒತ್ತಡ ಏರಿದರೆ ಇನ್ನೊಂದು ಸಲ ಲಕ್ವ ಹೊಡೆಯುತ್ತದೆ, ಆಗ ನನ್ನನ್ನು ಕೇಳಬೇಡಿ ಅಂದರು. ಮತ್ತೆ ಯಾರನ್ನು ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ನಮ್ಮ ಮಲಗುವ ಕೋಣೆ ಮಹಡಿಯ ಮೇಲೆ. ಕೆಳಗಿರುವುದು ಅಡುಗೆಮನೆ, ಬಚ್ಚಲು, ಮತ್ತೆ ಆ ಕೋಣೆ. ಮಗಳು ಫೋನಿನಲ್ಲಿ ಹೇಳಿದಳು: "ಅಮ್ಮಾ, ಅಪ್ಪನಿಗೆ ಮಂಚ ಹಾಕೋಕೆ ಅದೊಂದೇ ಜಾಗ. ಆ ಸಾಮಾನೆಲ್ಲ ತೆಗ್ಸಿಬಿಡು."

"ಮೂವತ್ತೊಂದು ವರ್ಷದಿಂದ ನಾನೂ ಅದನ್ನೇ ಬಡ್ಕೊಳ್ತಿದೀನಿ ಕಣೇ," ಅಂದೆ.

ಈ ನೋಟುಬುಕ್ಕೂ ಅವಳದೇ ಸಲಹೆ. ಮನಸ್ಸಿಗೆ ಬಂದದ್ದನ್ನು ಬರೆದು ಹಾಕು, ಇಲ್ಲದಿದ್ದರೆ ಅಂಗಡಿಗೆ ಬಂದವರ ಮೇಲೆ ಹರಿಹಾಯುತ್ತೀಯ ಅಂತ. ಹರಿಹಾಯದೆ ಲಾಂಡ್ರಿ ನಡೆಸಿದವರು ಯಾರಿದ್ದಾರೋ ನಾನಂತೂ ಕಾಣೆ.

ಮಾರ್ಚ್ ೪, ಮಂಗಳವಾರ

ಆ ಕೋಣೆಯ ಬೀಗ ತೆಗೆದೆ. ಬಾಗಿಲಲ್ಲಿ ನಿಂತು ಊಟಕ್ಕೆ ಕರೆದದ್ದು, ಇವರು ಬಿದ್ದ ದಿನ ಓಡಿ ಬಂದದ್ದು ಬಿಟ್ಟರೆ ನಾನು ಒಳಗೆ ಕಾಲಿಟ್ಟವಳಲ್ಲ. ಎಣಿಸಿದೆ, ನೂರಾ ಹದಿನಾಲ್ಕು ವಸ್ತು. ಮರದ ಪಿಸ್ತೂಲು. ತಗಡಿನ ಕಿರೀಟ. ಒಳಗೆ ಒಂದು ತಂತಿಯೂ ಇಲ್ಲದ ಟೆಲಿಫೋನು. ಮುಂದುಗಡೆ ಮಾತ್ರ ಬಣ್ಣ ಬಳಿದ ಹೂದಾನಿ. ಹಿಂಬದಿ ಕ್ಯಾಮೆರಾಕ್ಕೆ ಕಾಣುವುದಿಲ್ಲ ಅಂತ ಹಾಗೇ ಬಿಟ್ಟಿದ್ದಾರೆ. ಎಲ್ಲ ಯಾವುದೋ ಸಿನಿಮಾದಲ್ಲಿ ಬಳಸಿದ್ದು, ಇಲ್ಲವೆ ಅದನ್ನು ನೋಡಿ ಮಾಡಿಸಿದ ನಕಲು.

ದಿನವೆಲ್ಲ ಲಿಫ್ಟು ರಿಪೇರಿ ಮಾಡಿ, ಕೈಯೆಲ್ಲ ಗ್ರೀಸು ಮೆತ್ತಿಕೊಂಡು ಬಂದ ಮನುಷ್ಯ ಚಹಾ ಕುಡಿದವರೇ ಇಲ್ಲಿ ಸೇರಿಕೊಳ್ಳುತ್ತಿದ್ದರು. ಒಂದು ಸುಳ್ಳು ಟೆಲಿಫೋನನ್ನು ಮೆತ್ತಗೆ ಒರೆಸುವುದನ್ನು ನೋಡಿ ನನ್ನ ಹೊಟ್ಟೆ ಉರಿದದ್ದಕ್ಕೆ ಲೆಕ್ಕವಿಲ್ಲ. ಆ ಕೈ ನನ್ನ ತಲೆನೋವಿಗೆ ಒಂದು ದಿನವೂ ಹಣೆ ಮುಟ್ಟಿದ್ದಿಲ್ಲ.

ಗುಜರಿಯವನಿಗೆ ಹೇಳಿದ್ದೇನೆ, ಮುಂದಿನ ವಾರ ಬರುತ್ತಾನೆ.

ಮಾರ್ಚ್ ೬, ಗುರುವಾರ

ಬಟ್ಟೆಗಳಿಂದ ಶುರು ಮಾಡಿದೆ, ಬಟ್ಟೆ ನನ್ನ ಕಸುಬು ತಾನೆ. ಕೋಟು, ನಿಲುವಂಗಿ, ಏನೇನೋ ಸೇರಿ ಆರು, ಎಲ್ಲ ಮುಗ್ಗಲು ವಾಸನೆ. ಇವರು ಬಿದ್ದ ದಿನ ಕೈಯಲ್ಲಿ ಹಿಡಿದಿದ್ದ ಬಿಳಿ ಅಂಗಿಯೂ ನೆಲದ ಮೇಲೇ ಮುದ್ದೆಯಾಗಿ ಬಿದ್ದಿತ್ತು. ಆವತ್ತು ಧಡ್ ಎಂದ ಸದ್ದು ಕೇಳಿ ನಾನು ಓಡಿ ಬಂದಾಗ ಕಪಾಟಿನ ಮೂಲೆ ಬಡಿದು ಹಣೆ ಒಡೆದಿತ್ತು, ಮುಖ ಆ ಅಂಗಿಯ ಮೇಲಿತ್ತು. ಅಂಗಿಯ ಎದೆಯ ಎಡಭಾಗವೆಲ್ಲ ರಕ್ತ. ಅದನ್ನು ನೋಡುತ್ತಿದ್ದ ಹಾಗೇ ನನಗೆ ಆ ದಿನವೇ ಮತ್ತೆ ಬಂದ ಹಾಗಾಯಿತು. ಎತ್ತಿಕೊಂಡು ನೇರ ಅಂಗಡಿಗೆ ಹೋದೆ.

ಒಣಗಿದ ರಕ್ತ ಬಲು ಹಟಮಾರಿ. ಬಿಸಿನೀರು ತಾಗಿಸಿದರೆ ಕೆಟ್ಟಿತು. ತಣ್ಣೀರಿಗೆ ಉಪ್ಪು ಹಾಕಿ ಮೂರು ಗಂಟೆ ನೆನೆಸಿದೆ, ಆಮೇಲೆ ನನ್ನ ಪುಡಿ, ಆಮೇಲೆ ಮೆತ್ತನೆಯ ಬ್ರಷ್ಷು. ವಿಚಿತ್ರವೆಂದರೆ ರಕ್ತ ಬಿಟ್ಟ ಮೇಲೂ ಅಡಿಯಲ್ಲಿ ಇನ್ನೊಂದು ಕೆಂಪು ಉಳಿಯಿತು, ಅಂಟಂಟು, ಸಿಹಿ ವಾಸನೆ. ಶರಬತ್ತು ಚೆಲ್ಲಿಕೊಂಡಿದ್ದರೋ ಏನೋ, ಸಿನಿಮಾ ಸಾಮಾನು ಸವರುತ್ತಾ ಕೂತರೆ ಮೈಮೇಲೆ ಎಚ್ಚರ ಎಲ್ಲಿರುತ್ತದೆ! ಅದಕ್ಕೆ ಬೇರೆ ಮದ್ದು ಹಾಕಿದೆ. ಸಂಜೆ ಐದಕ್ಕೆ ಅಂಗಿ ಹಾಲಿನ ಹಾಗೆ ಬಂತು. ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿದೆ. ಅಂಗಡಿಯ ಬೋರ್ಡಿನ ಮೇಲೆ 'ಹೋಗದ ಕಲೆ ಇಲ್ಲ' ಅಂತ ಬರೆಸಿದ್ದು ಸುಮ್ಮನೆ ಅಲ್ಲ.

ಮುಗಿಸಿದ ಮೇಲೆ ಯಾಕೋ ಗೊಳೋ ಎಂದು ಅಳು ಬಂತು. ಹನ್ನೊಂದು ದಿನದಿಂದ ಅತ್ತಿರಲಿಲ್ಲ.

ಮಾರ್ಚ್ ೯, ಭಾನುವಾರ

ಆಸ್ಪತ್ರೆಗೆ ಭೂತಗನ್ನಡಿ ಬಂದಿದ್ದ. ಗಡಿಯಾರ ರಿಪೇರಿಯವನು, ಇವರ ಹಾಗೇ ಸಿನಿಮಾ ಸಾಮಾನು ಗುಡ್ಡೆ ಹಾಕುವ ಹುಚ್ಚ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುವುದರಿಂದ ನಾನಿಟ್ಟ ಹೆಸರು ಅದು. ಇವರನ್ನು ಅಣ್ಣ ಅನ್ನುತ್ತಾನೆ, ನನ್ನನ್ನು ಅತ್ತಿಗೆ ಅನ್ನುತ್ತಾನೆ.

ಮಾತು ಕಲಿಸುವ ಮೇಡಂ ಅರ್ಧ ಗಂಟೆಯಿಂದ ಲೋಟ, ಬಾಚಣಿಗೆ, ನನ್ನ ಮುಖ ಎಲ್ಲ ತೋರಿಸಿ ಸೋತಿದ್ದರು. ಇವರು ಗೋಡೆ ನೋಡುತ್ತಾ ಮಲಗಿದ್ದರು. ಭೂತಗನ್ನಡಿ ಜೇಬಿನಿಂದ ಯಾವುದೋ ಸಿನಿಮಾದ ಫೋಟೋ ತೆಗೆದು ಇವರ ಕಣ್ಣಿನ ಮುಂದೆ ಹಿಡಿದ. ಇವರ ಬಾಯಿ ಅಲುಗಾಡಿತು. ಕುತ್ತಿಗೆಯ ನರ ಉಬ್ಬಿತು. "ಅಂ... ಅಂ... ಅಂಗಿ" ಅಂದರು.

ಮೇಡಂ ಚಪ್ಪಾಳೆ ತಟ್ಟಿದರು. "ಇದನ್ನೇ ಹಿಡ್ಕೊಳ್ಳಿ ಅಮ್ಮ. ಮನಸ್ಸಿಗೆ ಏನು ಬೇಕೋ ಅದ್ರಿಂದಲೇ ಮಾತು ಬರೋದು. ಮನೆಗೆ ಹೋದ ಮೇಲೆ ಅದು ಕಣ್ಣೆದುರೇ ಇರ್ಲಿ. ಇವರು ಪ್ರಯತ್ನಾನೇ ಬಿಟ್ಟುಬಿಟ್ಟಿದ್ರು, ಅದೇ ನಂಗೆ ಹೆದರಿಕೆಯಾಗಿದ್ದು."

"ಬಾಗಿಲ ದೃಶ್ಯದ ಅಂಗಿ ಅತ್ತಿಗೆ," ಅಂದ ಭೂತಗನ್ನಡಿ, ಕಣ್ಣೊರೆಸಿಕೊಳ್ಳುತ್ತಾ. "ಇವರ ಪ್ರಾಣ ಅದು. ನಾಳೆ ಬಂದು ನಾನೇ ಜೋಪಾನವಾಗಿ ಎತ್ತಿಡ್ತೀನಿ. ನೀವು ಯಾವುದನ್ನೂ ಮುಟ್ಬೇಡಿ."

ಹದಿನಾಲ್ಕು ದಿನ ನನ್ನ ಮುಖ ನೋಡಿ ಒಂದಕ್ಷರ ಬರಲಿಲ್ಲ, ಒಂದು ಅಂಗಿಗೆ ಬಂತು. ಮಾತು ಬಂತಲ್ಲ ಅಂತ ಸಂತೋಷಪಡಬೇಕು. ಪಡುತ್ತೇನೆ, ನಾಳೆ.

ಮಾರ್ಚ್ ೧೦, ಸೋಮವಾರ

ಭೂತಗನ್ನಡಿ ಬಂದ. ಹ್ಯಾಂಗರಿನಲ್ಲಿದ್ದ ಅಂಗಿ ನೋಡಿ "ಇದ್ಯಾರದು ಅತ್ತಿಗೆ?" ಅಂದ.

"ನಿಮ್ಮಣ್ಣಂದೇ. ಬಿದ್ದಾಗ ರಕ್ತ ಆಗಿತ್ತು, ತೆಗೆದೆ," ಅಂದೆ. ಹೆಮ್ಮೆಯಿಂದಲೇ ಅಂದೆ.

ಅವನು ಹತ್ತಿರ ಹೋಗಿ ಕಾಲರಿನ ಒಳಗಿನ ಗುರುತಿನ ನೂಲು ನೋಡಿದ. ಮೂರನೇ ಗುಂಡಿಗೆ ಭೂತಗನ್ನಡಿ ಇಟ್ಟು ನೋಡಿದ. ಆಮೇಲೆ ನೆಲದ ಮೇಲೆ ಕುಸಿದು ಕೂತ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅತ್ತಿಗೆ, ಎದೆ ಮೇಲಿದ್ದದ್ದು ಅಣ್ಣನ ರಕ್ತ ಒಂದೇ ಅಲ್ಲ. ಅದರ ಕೆಳಗೆ ಸಿನಿಮಾದ ರಕ್ತ ಇತ್ತು. ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ಮಾಡಿದ್ದು. ಆ ಕಲೆ ಇದ್ದದ್ದಕ್ಕೇ ಅದು ಆ ಅಂಗಿ. ಈಗಿದು ಬರೀ ಬಿಳಿ ಅಂಗಿ, ಯಾರ ಅಂಗಿ ಬೇಕಾದ್ರೂ ಆಗ್ಬಹುದು."

ಅಂಟಂಟು, ಸಿಹಿ ವಾಸನೆ. ನನ್ನ ಮೂಗಿಗೇ ಬಂದಿತ್ತು. ಶರಬತ್ತು ಅಂದುಕೊಂಡೆ.

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡ ಕೂಡಲೇ "ಅಂಗಿ" ಅಂದರು, ಇನ್ನೂ ಸ್ಪಷ್ಟವಾಗಿ. "ಇದೆ ರೀ, ಮನೇಲಿ ಭದ್ರವಾಗಿದೆ," ಅಂದೆ. ಎಡಗೈ ಎತ್ತಿ ಸರಿ ಅಂತ ಸನ್ನೆ ಮಾಡಿದರು. ಎರಡು ತುತ್ತು ಹೆಚ್ಚಿಗೆ ತಿಂದರು.

ಮಾರ್ಚ್ ೧೩, ಗುರುವಾರ

ಡಾಕ್ಟರನ್ನು ಸುತ್ತಿ ಬಳಸಿ ಕೇಳಿದೆ. ಇವರಿಗೆ ತುಂಬಾ ಇಷ್ಟವಾದ ಸಾಮಾನೊಂದು ಹಾಳಾಗಿದೆ, ಹೇಳಬಹುದೆ? "ಈಗಲಾ? ತಲೆ ಕೆಟ್ಟಿದೆಯಾ ನಿಮಗೆ?" ಅಂದರು.

ಹೇಳುವಂತಿಲ್ಲ. ತೋರಿಸದೆ ಇರುವಂತಿಲ್ಲ. ಹದಿನೇಳು ದಿನ ಇದೆ. ಭೂತಗನ್ನಡಿಯನ್ನು ಅಂಗಡಿಗೆ ಕರೆಸಿ ಕೇಳಿದೆ: "ಆ ಕಲೇನ ಮತ್ತೆ ಮಾಡೋಕಾಗತ್ತಾ?"

ಅವನು ನನ್ನನ್ನೇ ನೋಡಿದ. "ಯಾರು ಮಾಡ್ತಾರೆ ಅತ್ತಿಗೆ?"

"ಕಲೆ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರಿದಾರಯ್ಯ ಈ ಊರಲ್ಲಿ? ಆ ಸಿನಿಮಾ ತಗೊಂಡು ಬಾ."

ಮಾರ್ಚ್ ೧೬, ಭಾನುವಾರ

ಮೂರು ದಿನದಿಂದ ಅದೇ ಸಿನಿಮಾ. ಹಳೆಯದು, ಕಥೆ ಸಾಧಾರಣ. ಗುಂಡೇಟು ತಿಂದವನೊಬ್ಬ ಊರೆಲ್ಲ ನಡೆದು ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಹೆಂಡತಿ ತೆಗೆಯುತ್ತಾಳೆ. ಅವನು ಎದೆಯ ಮೇಲೆ ಟೋಪಿ ಅಡ್ಡ ಹಿಡಿದುಕೊಂಡು "ತಡವಾಯ್ತು, ಬೈಬೇಡ" ಅನ್ನುತ್ತಾನೆ. ಟೋಪಿ ಜಾರುತ್ತದೆ. ಆ ಜಾರುವ ಒಂದು ಕ್ಷಣ ಅಂಗಿ ಪೂರ್ತಿ ಕಾಣುತ್ತದೆ. ಅಲ್ಲಿ ನಿಲ್ಲಿಸುತ್ತೇನೆ, ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಮತ್ತೆ ಹಿಂದಕ್ಕೆ ಓಡಿಸುತ್ತೇನೆ.

ಕಲೆ ಮೂರನೇ ಗುಂಡಿಯ ಅರ್ಧ ದಾಟಿ ಅಲ್ಲಿಂದ ಜೇಬಿನ ಹೊಲಿಗೆಯ ಗುಂಟ ಇಳಿಯುತ್ತದೆ. ಹೊಲಿಗೆ ಬಿಗಿಯಾಗಿರುವ ಕಡೆ ನಿಂತಿದೆ, ಸಡಿಲವಾದ ಕಡೆ ಹರಿದಿದೆ. ಹಚ್ಚಿದವನು ಕೈಯಲ್ಲಿ ಒತ್ತಿದ್ದಾನೆ, ಬ್ರಷ್ಷಿನಲ್ಲಲ್ಲ. ಇದನ್ನು ಭೂತಗನ್ನಡಿಗೆ ಹೇಳಿದರೆ ಅವನು ಬಾಯಿ ಬಿಟ್ಟುಕೊಂಡು ನೋಡಿದ. ಹತ್ತೊಂಬತ್ತು ವರ್ಷ ನೋಡಿದ್ದಾರಂತೆ ಇಬ್ಬರೂ, ಗೊತ್ತಾಗಿರಲಿಲ್ಲವಂತೆ. ಹೇಗೆ ಗೊತ್ತಾಗಬೇಕು, ಒಂದು ಕರವಸ್ತ್ರವನ್ನೂ ಒಗೆದವರಲ್ಲ.

"ನಿಮಗೆಲ್ಲ ಹುಚ್ಚೇನಯ್ಯ?" ಅಂತ ಕೇಳಿದೆ, ಬೈಯಲಿಕ್ಕಲ್ಲ, ತಿಳಿಯಲಿಕ್ಕೆ.

"ಹುಚ್ಚೇ ಅತ್ತಿಗೆ. ನೋಡಿ, ಸಿನಿಮಾ ಮುಗಿಯತ್ತೆ, ದೀಪ ಹಾಕ್ತಾರೆ. ಅಷ್ಟು ಹೊತ್ತು ಅತ್ತಿದ್ದೆಲ್ಲ ಸುಳ್ಳಿಗೆ ಅಂತ ಎದ್ದು ಬರ್ತೀವಿ. ಆಮೇಲೆ ಒಂದಿನ ಅದರಲ್ಲಿದ್ದ ಒಂದು ಚಮಚ ಕೈಗೆ ಸಿಗತ್ತೆ. ತೂಕ ಇರತ್ತೆ, ತಣ್ಣಗಿರತ್ತೆ. ಆಗ ಅನ್ಸತ್ತೆ, ಪೂರಾ ಸುಳ್ಳಲ್ಲ, ನಾನು ಅತ್ತಿದ್ದು ದಂಡ ಅಲ್ಲ ಅಂತ."

"ನಕಲಿಗೂ ಹಾಗೇ ಅನ್ಸತ್ತಾ?"

"ನಕಲು ಮಾಡೋವಾಗ ಇನ್ನೂ ಜಾಸ್ತಿ. ಒಂದು ಚಮಚ ನೋಡಿ ಇನ್ನೊಂದು ಚಮಚ ಮಾಡ್ಬೇಕಾದ್ರೆ ಅದನ್ನ ಎಷ್ಟು ನೋಡ್ಬೇಕು ಹೇಳಿ. ಹೆಂಡ್ತಿ ಮುಖಾನೂ ಅಷ್ಟು ನೋಡಿರಲ್ಲ ನಾವು."

"ಅದು ನನಗೆ ಗೊತ್ತು," ಅಂದೆ.

ಅವನು ತಲೆ ತಗ್ಗಿಸಿ ಜೇಬಿನ ಭೂತಗನ್ನಡಿ ತೆಗೆದು ಒರೆಸಿದ. ಆಮೇಲೆ ಹೇಳಿದ್ದನ್ನು ನಾನು ಇವತ್ತಿನವರೆಗೆ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಇವರು ಕೆಲಸ ಮಾಡುತ್ತಿದ್ದಾಗ ಲಿಫ್ಟಿನ ಹಗ್ಗ ಜಾರಿ, ಒಂಬತ್ತನೇ ಮಹಡಿಯ ಎತ್ತರದಲ್ಲಿ, ಲಿಫ್ಟು ಓಡಾಡುವ ಬಾವಿಯೊಳಗೆ ಎರಡು ಗಂಟೆ ಬರೀ ಬೆಲ್ಟಿಗೆ ನೇತಾಡಿದ್ದರಂತೆ. ಆವತ್ತು ಮನೆಗೆ ಬಂದು ನನಗೆ ತಡವಾಯ್ತು ಅಂದಿದ್ದರಂತೆ, ಅಷ್ಟೇ. ಅದರ ಮುಂದಿನ ವಾರ ಈ ಸಿನಿಮಾ ನೋಡಿದ್ದು.

ನನಗೆ ಆ ದಿನ ನೆನಪೇ ಇಲ್ಲ. ಬಹುಶಃ ಬೈದಿದ್ದೆ.

ಮಾರ್ಚ್ ೧೯, ಬುಧವಾರ

ಯಾರೂ ಬಂದು ಒಯ್ಯದ ಅಂಗಿಗಳು ಅಂಗಡಿಯಲ್ಲಿ ಒಂದು ಮೂಟೆ ಇವೆ. ಅವುಗಳ ಮೇಲೆ ಅಭ್ಯಾಸ. ಸಕ್ಕರೆ ಪಾಕ, ಕೆಂಪು ಬಣ್ಣ, ಹಳತಾದ ಕಂದು ಬರಲಿಕ್ಕೆ ಗಟ್ಟಿ ಕಾಫಿ ನಾಲ್ಕು ಹನಿ. ಮೊದಲನೆಯದು ಜಾಮ್ ಚೆಲ್ಲಿದ ಹಾಗಿತ್ತು. ಎರಡನೆಯದು ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡು ಅಂಗಡಿಯೆಲ್ಲ ಸುಟ್ಟ ವಾಸನೆ. ಸಂಜೆಗೆ ಹಿತ್ತಲ ಹಗ್ಗದ ಮೇಲೆ ಒಂಬತ್ತು ರಕ್ತದ ಅಂಗಿ.

ಸೂಟು ಒಯ್ಯಲು ಬಂದ ಮೇಷ್ಟರು ಅದನ್ನು ನೋಡಿ ಬಾಗಿಲಲ್ಲೇ ನಿಂತರು. "ಏನಮ್ಮಾ, ಯಾರ ಕೊಲೆ?"

"ಸದ್ಯಕ್ಕೆ ಯಾರದೂ ಇಲ್ಲ. ನಿಮ್ಮ ಚೀಟಿ ಕೊಡಿ," ಅಂದೆ. ಇಸ್ತ್ರಿ ಮಾಡುವ ಅಕ್ಕ ಮೂಲೆಯಲ್ಲಿ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. ಈ ತಿಂಗಳಲ್ಲಿ ನಮ್ಮ ಅಂಗಡಿಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಗುಜರಿಯವನು ಕೊನೆಗೂ ಬಂದಿದ್ದ. ಸಮಯವಿಲ್ಲ, ಆಮೇಲೆ ಬಾ ಅಂತ ಕಳಿಸಿದೆ.

ಮಾರ್ಚ್ ೨೨, ಶನಿವಾರ

ಒಬ್ಬ ಹೆಂಗಸು ಮೇಜಿನ ಬಟ್ಟೆ ತಂದಿದ್ದಳು, ಅಂಚಿನಲ್ಲಿ ಮಗುವಿನ ಅಂಗೈ ಗಾತ್ರದ ಶಾಯಿ ಗುರುತು. ಕೈಗೆತ್ತಿಕೊಂಡು, "ಇದು ಹೋಗ್ಬೇಕಾ?" ಅಂತ ಕೇಳಿದೆ. ಅವಳು ಪೆಚ್ಚಾಗಿ ನೋಡಿದಳು. "ಮತ್ತೆ ಯಾಕೆ ತಂದಿದೀನಿ?" ಅಂದಳು. ನಿಜವೇ. ಯಾಕೆ ಕೇಳಿದೆನೋ. ನಿದ್ದೆ ಸಾಲದೆ ತಲೆ ಕೆಟ್ಟಿರಬೇಕು.

ಭೂತಗನ್ನಡಿಯ ಮನೆಯಿಂದ ಬರುವಾಗ ಅಂಗಿ ಗುಂಡಿಗಳ ಒಂದು ಡಬ್ಬಿ ತಂದೆ. ಯಾವುದೋ ಸಿನಿಮಾದಲ್ಲಿ ದರ್ಜಿಯ ಅಂಗಡಿಯಲ್ಲಿ ಇದ್ದದ್ದಂತೆ, ಅವನ ಹತ್ತಿರ ಎರಡಿವೆ. ಗುಂಡಿಗಳು ಬಣ್ಣ ಬಳಿದ ಮೇಣ. ಸುಮ್ಮನೆ ಇರಲಿ ಅಂತ. ಕೋಣೆಯಲ್ಲಿ ಕಿರೀಟದ ಪಕ್ಕ ಜಾಗ ಇತ್ತು, ಅಲ್ಲಿಟ್ಟೆ.

ಮಾರ್ಚ್ ೨೬, ಬುಧವಾರ

ಇವತ್ತು ನಿಜವಾದ ಅಂಗಿಗೆ ಕೈ ಹಾಕಿದೆ. ಅಂಗಡಿ ಮುಚ್ಚಿ ಬಾಗಿಲು ಹಾಕಿಕೊಂಡೆ. ಇಪ್ಪತ್ತಮೂರು ಅಂಗಿ ಹಾಳು ಮಾಡಿ ಕೈ ಪಳಗಿದ್ದರೂ ಬಣ್ಣದ ಬಟ್ಟಲನ್ನು ಎರಡು ಸಲ ಎತ್ತಿ ಎರಡು ಸಲ ಇಳಿಸಿದೆ. ಗುಂಡಿಯಿಂದ ಶುರು ಮಾಡಿ ಅಂಗೈಯಲ್ಲಿ ಒತ್ತಿದೆ, ಜೇಬಿನ ಹೊಲಿಗೆಗೆ ಹೆಬ್ಬೆರಳು. ಒಣಗಲು ಕಿಟಕಿಯ ಬಿಸಿಲು, ಆಮೇಲೆ ದಪ್ಪ ಬಟ್ಟೆಯ ಮೇಲಿನಿಂದ ಮಂದ ಇಸ್ತ್ರಿ.

ಸಂಜೆ ಭೂತಗನ್ನಡಿ ಬಂದು ಕನ್ನಡಿ ಹಿಡಿದು ಕಾಲು ಗಂಟೆ ನೋಡಿದ. ಕನ್ನಡಿ ಜೇಬಿಗೆ ಹಾಕಿಕೊಂಡು, "ನನಗೆ ಗೊತ್ತಿಲ್ದೆ ಇದ್ದಿದ್ರೆ ನಂಬ್ತಿದ್ದೆ" ಅಂದ. ನನ್ನ ಕಸುಬಿನಲ್ಲಿ ಯಾರೂ ನನಗೆ ಇಂಥ ಮಾತು ಹೇಳಿಲ್ಲ. ಬಟ್ಟೆ ಚೆನ್ನಾಗಿ ಬಂದರೆ ಜನ ಏನೂ ಹೇಳುವುದಿಲ್ಲ, ತೊಟ್ಟುಕೊಂಡು ಹೋಗುತ್ತಾರೆ.

ಬೆರಳುಗಳ ಕೆಂಪು ಹೋಗುತ್ತಿಲ್ಲ. ಉಗುರಿನ ಸಂದಿಗೆಲ್ಲ ಸೇರಿಕೊಂಡಿದೆ.

ಮಾರ್ಚ್ ೨೮, ಶುಕ್ರವಾರ

ಮಗಳು ಬಂದಳು. ಕೋಣೆ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನಮ್ಮಾ ಇದು, ಒಂದು ಸಾಮಾನೂ ಕದಲಿಸಿಲ್ಲ!"

"ಮಂಚ ಮಧ್ಯಕ್ಕೆ ಹಾಕು. ಹಿಡಿಯತ್ತೆ."

"ಧೂಳು ಕೂತ್ಕೊಳ್ಳತ್ತೆ. ಈ ಹೂದಾನಿನಾದ್ರೂ ಎಸೆಯೋಣ, ಹಿಂದ್ಗಡೆ ಬಣ್ಣಾನೇ ಇಲ್ಲ."

"ಅದು ಹಾಗೇ ಇರ್ಬೇಕಾದ್ದು! ಕೆಳಗಿಡು!" ಅಂತ ಕಿರುಚಿದೆ. ಅವಳು ಹೆದರಿ ಇಟ್ಟಳು. ಅಳತೆ ನೋಡಿದ್ದೇನೆ, ತಳ್ಳುಕುರ್ಚಿ ತಿರುಗಲು ಜಾಗ ಸಾಕು. ಸುಮ್ಮನೆ ಸಾಮಾನು ಹೊರಗೆ ಹಾಕುವ ಕಷ್ಟ ಯಾಕೆ?

ಮಾರ್ಚ್ ೩೦, ಭಾನುವಾರ

ಬಂದರು.

ಕುರ್ಚಿ ಒಳಗೆ ತಳ್ಳಿದೆ. ಸುತ್ತ ನೋಡಿದರು, ಒಂದೊಂದನ್ನೂ. ಮಂಚದ ಎದುರಿಗೆ ಅಂಗಿ. ಮಗಳು ಅಡುಗೆಮನೆಯಲ್ಲಿದ್ದಳು, ನಾವಿಬ್ಬರೇ. ಹತ್ತಿರ ಒಯ್ಯಿ ಅಂತ ಸನ್ನೆ ಮಾಡಿದರು. ಎಡಗೈಯಿಂದ ಅಂಚು ಹಿಡಿದು, ಮೂರನೇ ಗುಂಡಿ, ಜೇಬು, ಕೆಳಗಿನ ತುದಿ, ಎಲ್ಲ ನೋಡಿದರು. ಮುಖ ಅರಳಿತು.

ಆಮೇಲೆ ಹುಬ್ಬು ಗಂಟಿಕ್ಕಿದರು. ತಮ್ಮ ಹಣೆಯ ಗಾಯದ ಗುರುತು ಮುಟ್ಟಿಕೊಂಡರು, ಅಲ್ಲಿಂದ ಹನಿ ಬೀಳುವ ಹಾಗೆ ಬೆರಳಾಡಿಸಿ ಅಂಗಿಯ ಎದೆಗೆ ತಂದರು, ಎಲ್ಲಿ ಅಂತ ಕೈ ತಿರುಗಿಸಿದರು. ಬಿದ್ದಾಗ ಇವರಿಗೆ ಪೂರ್ತಿ ಪ್ರಜ್ಞೆ ತಪ್ಪಿರಲಿಲ್ಲ. ತಮ್ಮ ರಕ್ತ ಅದರ ಮೇಲೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದಾರೆ. ನಾನು ಸಿನಿಮಾ ನೋಡಿ ನೋಡಿ ಅದರ ಹಾಗೇ ಮಾಡಿದೆ, ಇವರ ರಕ್ತ ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಬೇಕೆಂದು ಹೊಳೆಯಲೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರೇ ಉತ್ತರ ಕಂಡುಕೊಂಡರು. ನನ್ನತ್ತ ಬೆರಳು ತೋರಿಸಿ, ಬಟ್ಟೆ ಉಜ್ಜುವ ಹಾಗೆ ಕೈ ಆಡಿಸಿ, "ನೀ?" ಅಂದರು. ಅಂದರೆ ಮೇಲಿನ ರಕ್ತ ಮಾತ್ರ ತೆಗೆದು, ಅಡಿಯ ಕಲೆಯನ್ನು ಹಾಗೇ ಉಳಿಸಿದೆಯಾ ಅಂತ. ಅದು ಭೂಮಿಯ ಮೇಲಿನ ಯಾವ ಒಗೆಯುವವಳಿಂದಲೂ ಆಗುವ ಕೆಲಸವಲ್ಲ.

"ಹೂಂ ರೀ, ನಾನೇ," ಅಂದೆ.

ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ತುಂಬಾ ಹೊತ್ತು ಬಿಡಲಿಲ್ಲ. ಕೈ ಒದ್ದೆಯಾಯಿತು.

ಮಾರ್ಚ್ ೩೧, ಸೋಮವಾರ

ಭೂತಗನ್ನಡಿ ಬಂದಾಗ ಮೊದಲು ಅವನಿಗೆ ಅದನ್ನೇ ಅಭಿನಯಿಸಿ ತೋರಿಸಿದರು. ಹಣೆ, ರಕ್ತ, ಉಜ್ಜುವುದು, ಕೊನೆಗೆ ನನ್ನತ್ತ ಬೆರಳು. ಅವನು ನನ್ನನ್ನು ನೋಡಿದ, ನಾನು ಗೋಡೆ ನೋಡಿದೆ. ಹೋಗುವಾಗ ಬಾಗಿಲಲ್ಲಿ ಪಿಸುಗುಟ್ಟಿದ: "ಬಿಡಿ ಅತ್ತಿಗೆ. ಖುಷಿಯಾಗಿದಾರೆ. ಇನ್ನೇನು ಬೇಕು?"

ಏಪ್ರಿಲ್ ೨, ಬುಧವಾರ

ಊಟ ಮಾಡುತ್ತಾರೆ. ಮೇಡಂ ಹೇಳಿಕೊಟ್ಟ ಪದ ಒಂದೊಂದಾಗಿ ಹೇಳುತ್ತಾರೆ, ನೀರು, ಬೇಡ, ಅಂಗಿ, ಕಿಟಕಿ. ಸಂಜೆ ನಾಲ್ಕಾದರೆ ಪಕ್ಕದ ಕುರ್ಚಿ ತಟ್ಟಿ ನನ್ನನ್ನು ಕರೆಯುತ್ತಾರೆ. ಇಬ್ಬರೂ ಕೂತು ಆ ಅಂಗಿ ನೋಡುತ್ತೇವೆ. ನನ್ನ ಕೈ ಅವರ ಕೈಯಲ್ಲಿರುತ್ತದೆ. ಮದುವೆಯಾದಾಗಿನಿಂದ ಇಂಥ ನಾಲ್ಕು ಗಂಟೆಗಾಗಿ ಕಾದಿದ್ದೆ, ಅದನ್ನು ಇಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ.

ಆದರೆ ಆ ಕೈ ಮುಟ್ಟಿದಾಗಲೆಲ್ಲ ನನ್ನದನ್ನು ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಅವರು ಕೈ ಹಿಡಿಯುವುದು ಇಪ್ಪತ್ತಮೂರು ಅಂಗಿ ಹಾಳು ಮಾಡಿ ಕಲಿತ ಕೆಲಸಕ್ಕಲ್ಲ, ನಾನು ಮಾಡದ ಕೆಲಸಕ್ಕೆ. ಇವತ್ತು ಅಂಗಡಿಯಲ್ಲಿ ಇಸ್ತ್ರಿ ಅಕ್ಕನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ಏಪ್ರಿಲ್ ೪, ಶುಕ್ರವಾರ

ರಕ್ತದ ಒತ್ತಡ ನೋಡುವ ನರ್ಸು ಬಂದಿದ್ದಳು. ಸರಿಯಾಗಿದೆಯಂತೆ, ವಾರದಿಂದ ಸರಿಯಾಗಿದೆ. ಅವಳಿಗೂ ಅಂಗಿ ತೋರಿಸಿ ನನ್ನನ್ನು ತೋರಿಸಿದರು. "ಅಮ್ಮ ಅಷ್ಟು ಜಾಣೆನಾ?" ಅಂದಳು ಅವಳು. ಹೌದೆಂದು ತಲೆಯಾಡಿಸಿದರು, ಮಗುವಿನ ಹಾಗೆ.

ಅವಳು ಹೋದ ಮೇಲೆ ಬಾಗಿಲು ಮುಚ್ಚಿ ಬಂದು ಕೂತೆ. ಹೇಳಿಬಿಟ್ಟೆ. ಎಲ್ಲ ಹೇಳಿದೆ, ತಣ್ಣೀರು, ಉಪ್ಪು, ಶರಬತ್ತು ಅಂದುಕೊಂಡದ್ದು, ಹಾಲಿನ ಹಾಗೆ ಬಂದದ್ದು, ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡಿದ್ದು, ಕಾಫಿ ಹನಿ. ಒಂದೇ ಉಸಿರಿಗೆ ಹೇಳಿದೆ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಅಂತ ಗೊತ್ತಿತ್ತು.

ಕೈ ಎಳೆದುಕೊಂಡರು. ಮುಖ ಕೆಂಪೇರಿತು. ಡಾಕ್ಟರು ಹೇಳಿದ್ದೆಲ್ಲ ತಲೆಯಲ್ಲಿ ಗಿರ್ರೆಂದಿತು, ಅಯ್ಯೋ ಕೊಂದುಬಿಟ್ಟೆನಲ್ಲ ದೇವರೇ ಅಂತ ಫೋನಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವರ ಬಾಯಿ ಅಲುಗಾಡಿತು.

"ನೀ... ಯಾಕೆ ನಂಗೆ ಸುಳ್ಳು ಹೇಳ್ದೆ?"

ಲಿಫ್ಟಿನ ಬಾವಿಯಲ್ಲಿ ನೇತಾಡಿದ್ದನ್ನು ಮುಚ್ಚಿಟ್ಟ ವಿಷಯ ಎತ್ತಿ ಆಡಬಹುದಿತ್ತು. ಎತ್ತಲಿಲ್ಲ, ಅದು ಉತ್ತರವಾಗಿರಲಿಲ್ಲ.

"ನೀವು ಕೈ ಹಿಡ್ಕೊಂಡಿದ್ರಿ," ಅಂದೆ. "ಬಿಟ್ಬಿಡ್ತೀರಿ ಅಂತ."

ನನಗೆ ಅಲ್ಲಿ ಕೂರಲಾಗಲಿಲ್ಲ, ಚಹಾಕ್ಕಿಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನೀರು ಕುದಿಯಲು ಶುರುವಾದಾಗ ಹೊಳೆಯಿತು, ಅವರು ಪೂರಾ ಒಂದು ಮಾತು ಆಡಿದ್ದರು. ಒಂದು ಪದ ಅಲ್ಲ, ಮಾತು. ನನ್ನ ಜೊತೆ. ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆನೋ ನಕ್ಕೆನೋ ತಿಳಿಯದು.

ತಿರುಗಿ ಹೋದಾಗ ಅಂಗಿ ಅವರ ತೊಡೆಯ ಮೇಲಿತ್ತು. ಹ್ಯಾಂಗರಿನಿಂದ ಒಂದೇ ಕೈಯಲ್ಲಿ ಹೇಗೆ ಎಳೆದುಕೊಂಡರೋ. ನನ್ನ ಮುಖ ನೋಡಲಿಲ್ಲ. ಕಲೆಯನ್ನು ನೋಡುತ್ತಿದ್ದರು, ಮೂಗು ತಾಗುವಷ್ಟು ಹತ್ತಿರದಿಂದ. ನಾನು ಬಾಗಿಲಲ್ಲೇ ನಿಂತೆ. ತುಂಬಾ ಹೊತ್ತಾದ ಮೇಲೆ ಜೇಬಿನ ಕೆಳಗೆ ಬೆರಳಿಟ್ಟರು.

"ಇಲ್ಲಿ ಜಾಸ್ತಿ," ಅಂದರು. ಸಿಟ್ಟಿನಲ್ಲೇ ಅಂದರು.

ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ಬಗ್ಗಿ ನೋಡಿದೆ. ನಿಜ. ಹೊಲಿಗೆ ತಿರುಗುವ ಕಡೆ ಒಂದು ಬೆರಳಷ್ಟು ಹೆಚ್ಚು ಇಳಿಸಿದ್ದೇನೆ. ಭೂತಗನ್ನಡಿಗೆ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ನಾಳೆ ಅಂಗಡಿಯಿಂದ ಮೆತ್ತನೆಯ ಬ್ರಷ್ಷು ತರಬೇಕು.